ಒಂದೇ ಮನೆಗೆ ಮೂರು ಬಗೆಯ ಬುದ್ಧಿಮಾತು

ಆಹಾರ ನೆರವಿನ ಯೋಜನೆಗಳು ಎಷ್ಟೇ ಇರಲಿ, ಬಹುಪಾಲು ತಲುಪೋದು ಅವೇ ಮನೆಗಳನ್ನ. ಕೂಸಿಗೆ ಪೂರಕ ಆಹಾರ ಒಂದು ಇಲಾಖೆಯದು, ದೊಡ್ಡ ಮಗುವಿನ ಶಾಲೆಯೂಟ ಇನ್ನೊಂದರದು, ಮನೆಯ ಪಡಿತರ ಮತ್ತೊಂದರದು. ಏನು ತಿನ್ನಬೇಕು ಅನ್ನೋ ಪಾಠ ಮಾತ್ರ ಮೂವರದೂ ಬೇರೆ. ಸಮನ್ವಯ ಸಮಿತಿ ಮಾಡಿದರೆ ಇದು ಸರಿಹೋಗುತ್ತೆ ಅನ್ನೋದನ್ನ ನಾನು ನಂಬಲ್ಲ. ನಡಾವಳಿ ಓದೋರು ಸಭೆಗೆ ಬಂದವರೇ (ಅವರೂ ಓದಿದರೆ!).

ಗೊಂದಲ ಎಲ್ಲಿ ಹುಟ್ಟುತ್ತೆ ನೋಡಿ. ಎದೆಹಾಲಲ್ಲದೆ ಬೇರೆ ಹಾಲು ಕುಡಿಯೋ 6ರಿಂದ 11 ತಿಂಗಳ ಮಗುವಿಗೆ ಪ್ರಾಣಿಗಳ ಹಾಲನ್ನೂ ಕೊಡಬಹುದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ. ವರ್ಷ ತುಂಬೋವರೆಗೆ ಹಸುವಿನ ಹಾಲನ್ನ ಮುಖ್ಯ ಪಾನೀಯ ಮಾಡಬೇಡಿ ಅನ್ನೋ ಸಲಹೆ ಹಲವು ದೇಶಗಳಲ್ಲಿದೆ. ಒಬ್ಬಳೇ ತಾಯಿಗೆ ಎರಡೂ ಕಿವಿಗೆ ಬಿದ್ದರೆ, ಎರಡನ್ನೂ ಬಿಟ್ಟು ಪಕ್ಕದ ಮನೆಯವರನ್ನ ಕೇಳ್ತಾಳೆ.

ಹಾಗಾಗಿ ಮೊದಲ ಕೆಲಸ: ಎಲ್ಲ ಯೋಜನೆಗಳ ಆಹಾರದ ಪೊಟ್ಟಣ, ಡಬ್ಬಿ, ಕರಪತ್ರಗಳನ್ನ ಒಂದೇ ಮೇಜಿನ ಮೇಲೆ ಹರಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನೋ ಪೋಸ್ಟರ್ ಪಕ್ಕದಲ್ಲೇ ಉಪ್ಪುನೀರಿನಲ್ಲಿಟ್ಟ ಕಾಳಿನ ಡಬ್ಬಿ ಕಾಣಿಸಬಹುದು. ಅಲ್ಲಿ ಹೇಳಬೇಕಾದ ಮಾತು "ಉಪ್ಪು ಕಡಿಮೆ ಮಾಡಿ" ಅಂತಲ್ಲ. "ನೀರು ಬಸಿದು, ಕಾಳನ್ನ ಚೆನ್ನಾಗಿ ತೊಳೆದು ಬಳಸಿ" ಅಂತ.

ಆಮೇಲೆ ಒಂದೇ ಪುಟದ ಒಪ್ಪಿತ ಹಾಳೆ. ಹೇಳುವ ಮಾತು, ಯಾರಿಗೆ, ಕೈಗೆ ಸಿಗುವ ಯಾವ ಆಹಾರದಿಂದ, ಏನು ಹೇಳಬಾರದು: ನಾಲ್ಕು ಕಾಲಂ ಸಾಕು. ನಾಲ್ಕನೆಯದನ್ನೇ ಎಲ್ಲರೂ ಮರೆಯೋದು. ಕೆಳಗೆ ಆವೃತ್ತಿಯ ದಿನಾಂಕ ಇರಲಿ, ಇಲ್ಲದಿದ್ದರೆ ಹಳೇದು ಹೊಸದು ಎರಡೂ ಓಡಾಡ್ತಾವೆ. ಎರಡು ತಿಂಗಳು ಎಲ್ಲ ಕಡೆ ಒಂದೇ ವಿಷಯ ನಡೆಯಲಿ.

ಮಾತು ಕೈಕೆಲಸದ ಮಟ್ಟಕ್ಕೆ ಇಳಿಯಬೇಕು. ಮಕ್ಕಳ ಆಹಾರಕ್ಕೆ ಬೆರೆಸೋ ಪೋಷಕಾಂಶದ ಪುಡಿಯನ್ನೇ ತಗೊಳ್ಳಿ. ಕುದಿಯೋ ಗಂಜಿಗೆ ಸುರಿದರೆ ಕಬ್ಬಿಣದ ಕಣಗಳ ಲೇಪ ಕರಗಿ ಬಣ್ಣ, ರುಚಿ ಎರಡೂ ಕೆಡುತ್ತೆ. ಮಗು ಉಗಿಯುತ್ತೆ, ತಾಯಿ ಪೊಟ್ಟಣವನ್ನ ಮೂಲೆಗೆ ಹಾಕ್ತಾಳೆ. ಗಟ್ಟಿ ಆಹಾರ ಉಗುರುಬೆಚ್ಚಗಾದ ಮೇಲೆ, ಮಗು ಖಂಡಿತ ತಿನ್ನುವಷ್ಟು ಸ್ವಲ್ಪ ಭಾಗಕ್ಕೆ ಇಡೀ ಪೊಟ್ಟಣ ಬೆರೆಸಿ, ಅರ್ಧ ಗಂಟೆಯೊಳಗೆ ತಿನ್ನಿಸಬೇಕು. ಇದನ್ನ ಪುಡಿ ಕೊಡೋರೂ ಗಂಜಿಹಿಟ್ಟು ಕೊಡೋರೂ ಒಂದೇ ರೀತಿ ಮಾಡಿ ತೋರಿಸಬೇಕು. ಗರ್ಭಿಣಿಯರ ಕಬ್ಬಿಣದ ಮಾತ್ರೆಗೂ ಇದೇ ಮಾತು: ಕ್ಯಾಲ್ಸಿಯಂ ಜೊತೆ ಒಟ್ಟಿಗೆ ಬೇಡ, ಕೆಲವು ಗಂಟೆ ಅಂತರವಿರಲಿ, ಟೀ ಕಾಫಿಯೂ ಹತ್ತಿರ ಬೇಡ.

ಫಲಾನುಭವಿಗಳ ಪಟ್ಟಿಗಳನ್ನೆಲ್ಲ ಬೆಸೆಯೋ ಉತ್ಸಾಹ ಬೇಡ. ಒಪ್ಪಿಗೆಯಿಲ್ಲದೆ ಮನೆಯವರ ಮಾಹಿತಿ ಕೈಯಿಂದ ಕೈಗೆ ಹೋಗಬಾರದು, ಒಂದೇ ಮಾತು ಹೇಳೋಕೆ ಅದು ಬೇಕಾಗೂ ಇಲ್ಲ.

ಲೆಕ್ಕದ ವಿಷಯ. ಹಾಜರಾತಿ ಎಣಿಸಿದರೆ ಒಬ್ಬಳೇ ತಾಯಿ ಮೂರು ವರದಿಯಲ್ಲಿ ಮೂವರಾಗ್ತಾಳೆ, ಮಗುವಿನ ತಟ್ಟೆ ಮಾತ್ರ ಹಾಗೇ ಇರುತ್ತೆ. "ನಿನ್ನೆ ಹಗಲು, ರಾತ್ರಿ ಮಗುವಿಗೆ ಏನೇನು ಕೊಟ್ರಿ?" ಅಂತ ಕೇಳಿ. 6ರಿಂದ 23 ತಿಂಗಳ ಮಕ್ಕಳಿಗೆ 8 ಆಹಾರ ಗುಂಪುಗಳಲ್ಲಿ ಕನಿಷ್ಠ 5 ಅನ್ನೋ ಅಳತೆಗೋಲು ಇದ್ದೇ ಇದೆ. ಎದೆಹಾಲೂ ಅದರಲ್ಲೊಂದು ಗುಂಪು, ಅದನ್ನ ಬಿಟ್ಟು ಎಣಿಸೋ ತಪ್ಪು ಆಗ್ತಿರುತ್ತೆ.

ಹಾಳೆಗೆ ಒಬ್ಬರೇ ಹೊಣೆಗಾರರಿರಲಿ. ಸರಬರಾಜಿನಲ್ಲಿ ಕಾಳು ಬದಲಾದರೆ ಉಗ್ರಾಣದವರ ಮೊದಲ ಫೋನ್ ಅವರಿಗೇ ಹೋಗಬೇಕು, ಹೊಸ ಚೀಲದ ಜೊತೆಗೇ ಹೊಸ ಹಾಳೆಯೂ ಹೊರಡಬೇಕು.