ಸಫಾರಿ ಟಿಕೆಟ್ಟಿನ ಹಣದಲ್ಲಿ ಕಾಡಂಚಿನ ಊರಿನ ಪಾಲೆಷ್ಟು?

ನಾಗರಹೊಳೆ, ಬಂಡೀಪುರಗಳ ಸಫಾರಿ ದರ ಏರಿದಾಗಲೆಲ್ಲ, ಸಾಮಾನ್ಯ ಸಂಸಾರದವರು ಮಕ್ಕಳಿಗೆ ಕಾಡು ತೋರಿಸುವುದಾದರೂ ಹೇಗೆ ಎಂದು ಕೆಲವರು ಕೇಳುತ್ತಾರೆ. ದರ ಇನ್ನೂ ಹೆಚ್ಚಿಸಿದರೆ ದಟ್ಟಣೆ ತಗ್ಗುತ್ತದೆ ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಎರಡು ಮಾತಿನಲ್ಲೂ ಹುರುಳಿದೆ. ಆದರೆ ದರ ಎಷ್ಟಿರಬೇಕು ಎಂಬುದಕ್ಕಿಂತ ಮೊದಲು, ನಾವು ಕೊಟ್ಟ ಹಣ ಯಾರನ್ನು ತಲುಪುತ್ತದೆ ಎಂದು ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ರಾಗಿ ತೆನೆಗಟ್ಟುವ ಹೊತ್ತಿಗೆ ರೈತರು ಮರದ ಮೇಲಿನ ಅಟ್ಟಣೆ ಏರಿ, ಟಾರ್ಚು, ಪಟಾಕಿ ಇಟ್ಟುಕೊಂಡು ರಾತ್ರಿಯಿಡೀ ಕಾವಲು ಕಾಯುತ್ತಾರೆ. ಆನೆ ತಡೆಯಲು ಕಾಡಂಚಿನಲ್ಲಿ ತೋಡಿದ ಕಂದಕದ ಅಂಚು ಮಳೆಗೆ ಕುಸಿದ ಕಡೆ ಆನೆಗಳು ದಾಟಿ ಬಂದರೆ ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಕಬಿನಿ ಹಿನ್ನೀರಿನ ದಡದಲ್ಲಿ ನಾವು ಜೀಪಿನಿಂದ ನೋಡಿ ಸಂತೋಷಪಡುವ ಆನೆಗಳು ಉಳಿದಿರುವುದರ ಹಿಂದೆ ಇವರ ಸಹನೆಯೂ ಇದೆ. ನಾಗರಹೊಳೆಯೊಳಗಿನ ಹಾಡಿಗಳಿಂದ ಹೊರಬಂದ ಜೇನುಕುರುಬರ ನಷ್ಟವಂತೂ ಬೆಳೆಹಾನಿಯ ಪರಿಹಾರದಂತೆ ಲೆಕ್ಕ ಹಾಕಿ ಕೊಡಬಹುದಾದದ್ದೇ ಅಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯು ಹುಲಿ ಮೀಸಲು ಪ್ರದೇಶಗಳ ನಿರ್ವಹಣೆಗೆ ನೆರವಾಗಲು ಹುಲಿ ಸಂರಕ್ಷಣಾ ಪ್ರತಿಷ್ಠಾನಗಳನ್ನು ಸ್ಥಾಪಿಸಬೇಕೆಂದು ಹೇಳಿತು. ಸ್ಥಳೀಯರನ್ನು ಸೇರಿಸಿಕೊಂಡು ಪರಿಸರ ಪ್ರವಾಸೋದ್ಯಮವನ್ನು ಬೆಳೆಸುವುದೂ ಅವುಗಳ ಉದ್ದೇಶಗಳಲ್ಲೊಂದು. ಅಂದರೆ ದಾರಿ ಕಾನೂನಿನಲ್ಲೇ ಇದೆ. ಹೊರದೇಶದ ಉದಾಹರಣೆಯೂ ಇದೆ. ರುವಾಂಡಾ ಸರ್ಕಾರ 2017ರಲ್ಲಿ ಗೊರಿಲ್ಲಾ ನೋಡುವ ಪರವಾನಗಿಯ ದರವನ್ನು ಒಮ್ಮೆಲೇ 1,500 ಡಾಲರಿಗೆ ಏರಿಸಿದಾಗ, ಉದ್ಯಾನದ ಸುತ್ತಲಿನ ಜನರಿಗೆ ಸಲ್ಲುವ ಪ್ರವಾಸೋದ್ಯಮ ಆದಾಯದ ಪಾಲನ್ನೂ ಶೇ 5ರಿಂದ ಶೇ 10ಕ್ಕೆ ಹೆಚ್ಚಿಸಿತು. ಅಷ್ಟು ದುಬಾರಿ ದರ ನಮಗೆ ಬೇಡವೇ ಬೇಡ, ಕಾಡು ಉಳ್ಳವರ ಸೊತ್ತಾಗಬಾರದು. ಆದರೆ ಪಾಲು ಇಷ್ಟೆಂದು ಮೊದಲೇ ಘೋಷಿಸುವ ಆ ಕ್ರಮ ನಮಗೂ ಬೇಕು.

ನಮ್ಮ ಸಫಾರಿಗಳಲ್ಲಿ ಕ್ಯಾಮೆರಾಕ್ಕೂ ಲೆನ್ಸಿನ ಅಳತೆ ನೋಡಿ ಶುಲ್ಕ ವಿಧಿಸುವುದುಂಟು. ವಸೂಲಿಯಲ್ಲಿ ಇರುವ ಈ ಸೂಕ್ಷ್ಮತೆ ಖರ್ಚಿನ ಲೆಕ್ಕದಲ್ಲೂ ಕಾಣಬೇಕು: ಕಳೆದ ವರ್ಷ ಬಂದ ಹಣವೆಷ್ಟು, ಕಂದಕದ ದುರಸ್ತಿಗೆ ಹೋದದ್ದೆಷ್ಟು, ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದಿನಗೂಲಿಗೆ ದುಡಿಯುವ ವಾಚರುಗಳಿಗೆ ಸಂದದ್ದೆಷ್ಟು ಎಂಬುದನ್ನು ಟಿಕೆಟ್ ಕೌಂಟರಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಹಾಕಲಿ. ಹಾಗೆ ಬರೆದು ಹಾಕಿದ ದಿನ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಲು ಯಾರೂ ಗೊಣಗಲಾರರು ಎಂದು ನಾನು ನಂಬಿದ್ದೇನೆ.

ಇನ್ನು ಮಕ್ಕಳ ವಿಚಾರ. ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಒಳ್ಳೆಯ ಕಾರ್ಯಕ್ರಮ. ಕಾಡಂಚಿನ ಪ್ರತಿ ಸರ್ಕಾರಿ ಶಾಲೆಯ ಮಕ್ಕಳಿಗೂ ವರ್ಷಕ್ಕೊಮ್ಮೆ ಉಚಿತ ಸಫಾರಿ ಸಿಗುವಂತೆ ಅದನ್ನು ವಿಸ್ತರಿಸಿ, ಅದರ ವೆಚ್ಚವನ್ನು ವಾರಾಂತ್ಯದ ಪ್ರವಾಸಿಗರ ಶುಲ್ಕದಿಂದಲೇ ಭರಿಸಬೇಕು. ಆನೆಯೆಂದರೆ ರಾತ್ರಿಯ ಭಯವೆಂದಷ್ಟೇ ತಿಳಿದ ಮಗು, ಹಗಲಿನಲ್ಲಿ ಮರಿಗೆ ಹಾಲೂಡಿಸುತ್ತ ನಿಂತ ಆನೆಯನ್ನೂ ನೋಡಲಿ.