ಗೋಪುರ ಉಳಿಯಿತು, ಸುದ್ದಿಮನೆ ಮುಚ್ಚಿತು

2024ರ ಆಗಸ್ಟ್ 26ರ ನಡುರಾತ್ರಿ ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್ 880 ರೇಡಿಯೊ ಸುದ್ದಿ ಓದುವುದನ್ನು ನಿಲ್ಲಿಸಿತು. ಸುದ್ದಿಗೆಂದೇ ಮೀಸಲಾದ ಆ ಪ್ರಸಾರ ಶುರುವಾದದ್ದು 1967ರ ಆಗಸ್ಟ್ 28ರಂದು. ಇನ್ನೆರಡು ದಿನ ಕಳೆದಿದ್ದರೆ 57 ವರ್ಷ ತುಂಬುತ್ತಿತ್ತು. ಈಗ ಅದೇ ತರಂಗಾಂತರದಲ್ಲಿ ಇಎಸ್‌ಪಿಎನ್‌ನ ಕ್ರೀಡಾ ಚರ್ಚೆ ಕೇಳಿಸುತ್ತದೆ. ನಿಲ್ದಾಣದ ಹೆಸರೂ ಡಬ್ಲ್ಯುಎಚ್‌ಎಸ್‌ಕ್ಯು ಎಂದು ಬದಲಾಗಿದೆ. ಮುಚ್ಚುವ ವಿಷಯ ಹೊರಬಿದ್ದದ್ದು ಆಗಸ್ಟ್ 12ಕ್ಕೆ. ಅರ್ಧ ಶತಮಾನಕ್ಕೂ ಮೀರಿದ ಒಂದು ಸುದ್ದಿಮನೆಯನ್ನು ಕಟ್ಟಿ ಒಳಗಿಡಲು ಎರಡು ವಾರ ಸಾಕಾಯಿತು.

ನ್ಯೂಜೆರ್ಸಿಯಲ್ಲಿ ಬದುಕು ಕಟ್ಟಿಕೊಂಡ ನನ್ನಂಥವರಿಗೆ ಈ ನೆಲದ ಪರಿಚಯ ಮಾಡಿಕೊಟ್ಟದ್ದು ನೆರೆಹೊರೆಯವರಿಗಿಂತ ಹೆಚ್ಚಾಗಿ ಈ ರೇಡಿಯೊ. ಪ್ರತಿ ಗಂಟೆಯ 8, 18, 28, 38, 48 ಮತ್ತು 58ನೇ ನಿಮಿಷಕ್ಕೆ ಸಂಚಾರ ಮತ್ತು ಹವಾಮಾನ ಒಟ್ಟಿಗೆ ಬರುತ್ತಿದ್ದವು. ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲಂತಸ್ತಿನಲ್ಲಿ ಎಷ್ಟು ನಿಮಿಷ ಕಾಯಬೇಕು, ಕೆಳ ಅಂತಸ್ತಿನಲ್ಲಿ ಎಷ್ಟು, ಲಿಂಕನ್ ಸುರಂಗದ ಬಾಯಲ್ಲಿ ಬಸ್ಸುಗಳ ಸಾಲು ಎಲ್ಲಿಯವರೆಗೆ ನಿಂತಿದೆ, ಹಾಲೆಂಡ್ ಸುರಂಗ ಸಲೀಸಾಗಿದೆಯೇ ಎಂಬುದೆಲ್ಲ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಆದರೂ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಅದನ್ನು ಕೇಳಿಯೇ ನಾವು ದಾರಿ ಬದಲಿಸುತ್ತಿದ್ದೆವು. ಅದರ ಬೆನ್ನಿಗೇ ಬರುತ್ತಿದ್ದ ಇನ್ನೊಂದು ಸಾಲು ನನಗೆ ಬಹಳ ಪ್ರಿಯವಾಗಿತ್ತು. ನ್ಯೂಯಾರ್ಕ್ ನಗರದಲ್ಲಿ ಬೀದಿ ಗುಡಿಸುವ ದಿನ ಆ ಬದಿಯಲ್ಲಿ ನಿಲ್ಲಿಸಿದ ಕಾರನ್ನು ತೆಗೆಯಲೇಬೇಕು, ಇಲ್ಲದಿದ್ದರೆ ದಂಡ. ಹಬ್ಬಗಳಂದು ಈ ನಿಯಮಕ್ಕೆ ರಜೆ. ಹಾಗೆ ರಜೆ ಸಿಗುವ ಹಬ್ಬಗಳ ಪಟ್ಟಿಯಲ್ಲಿ ದೀಪಾವಳಿಯೂ ಇದೆ. ಈದ್, ಯಹೂದಿಗಳ ಹಬ್ಬ, ಕ್ರಿಸ್‌ಮಸ್‌ಗಳನ್ನು ಹೇಳುವ ಧಾಟಿಯಲ್ಲೇ, ಏನೂ ವಿಶೇಷವಿಲ್ಲವೆಂಬಂತೆ, ಇಂದು ದೀಪಾವಳಿ, ಕಾರು ತೆಗೆಯಬೇಕಾಗಿಲ್ಲ ಎಂದು ರೇಡಿಯೊ ಹೇಳಿದಾಗ ಈ ಊರು ನಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂದು ಮನಸ್ಸಿಗೆ ಹಿತವಾಗುತ್ತಿತ್ತು.

880ರ ಹುಟ್ಟೇ ಒಂದು ಅವಘಡದ ನಡುವೆ ಆದದ್ದು. ಪ್ರಸಾರ ಶುರುವಾಗುವ ಹಿಂದಿನ ದಿನ, ಬ್ರಾಂಕ್ಸ್ ದಡದಾಚೆಯ ಹೈ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿದ್ದ ಗೋಪುರಕ್ಕೆ ಸಣ್ಣ ವಿಮಾನವೊಂದು ಅಪ್ಪಳಿಸಿತು. ವಿಮಾನದಲ್ಲಿದ್ದವರು ಸತ್ತರು, ಗೋಪುರ ಉರುಳಿತು. ಮರುದಿನ ಸುದ್ದಿ ನಿಲ್ಲಲಿಲ್ಲ. ಅದೇ ಸಂಸ್ಥೆಯ ಎಫ್‌ಎಂ ನಿಲ್ದಾಣದ ಮೂಲಕ ಹೊಸ ಪ್ರಸಾರ ಆರಂಭವಾಯಿತು. ಗೋಪುರವಿಲ್ಲದೆಯೂ ಸುದ್ದಿಮನೆ ನಡೆಯಬಲ್ಲದು ಎಂದು ಮೊದಲ ದಿನವೇ ಸಾಬೀತಾಗಿತ್ತು. ಈಗ ಆಗಿರುವುದು ಅದಕ್ಕೆ ತೀರ ವಿರುದ್ಧ. 50,000 ವ್ಯಾಟ್ ಪ್ರೇಷಕ ಹಾಗೆಯೇ ಇದೆ, ರಾತ್ರಿ ಹೊತ್ತು ನೂರಾರು ಮೈಲಿ ದೂರ ತಲುಪುವ ಅಲೆ ಹಾಗೆಯೇ ಇದೆ, ಪರವಾನಗಿಯೂ ಇದೆ. ಊರಿನ ಸುದ್ದಿ ಹುಡುಕಿ ತರುತ್ತಿದ್ದ ಜನ ಮಾತ್ರ ಇಲ್ಲ.

2001ರ ಸೆಪ್ಟೆಂಬರ್ 11ರ ಬೆಳಗ್ಗೆ ಸಂಚಾರ ವರದಿಗಾಗಿ ಹೆಲಿಕಾಪ್ಟರಿನಲ್ಲಿದ್ದ ಈ ನಿಲ್ದಾಣದ ಟಾಮ್ ಕಮಿನ್ಸ್ಕಿ ವಿಶ್ವ ವಾಣಿಜ್ಯ ಕೇಂದ್ರದಿಂದ ಹೊಗೆ ಏಳುತ್ತಿರುವುದನ್ನು ಮೊಟ್ಟಮೊದಲು ವರದಿ ಮಾಡಿದವರಲ್ಲಿ ಒಬ್ಬರು. ಸೇತುವೆಗಳ ಮೇಲೆ ಎಷ್ಟು ಕಾರು ನಿಂತಿವೆ ಎಂದು ನೋಡಲು ಹೋದವರು ಅವರು. ದಿನಾ ಅಲ್ಲಿ ಹಾರುತ್ತಿದ್ದರಿಂದಲೇ ಆ ದಿನವೂ ಅಲ್ಲಿದ್ದರು. ಸ್ಥಳೀಯ ಸುದ್ದಿಯ ಬೆಲೆ ಇರುವುದು ಇಲ್ಲೇ. ದೊಡ್ಡ ಘಟನೆ ನಡೆದ ಮೇಲೆ ಓಡಿಬರುವವರು ಬಹಳ ಮಂದಿ. ಏನೂ ನಡೆಯದ ಸಾವಿರ ದಿನ ಅಲ್ಲೇ ಕಾವಲಿರುವವರಿಗೆ ಸಂಬಳ ಕೊಡುವವರು ಕಡಿಮೆ. 2003ರ ಆಗಸ್ಟ್ 14ರಂದು ಈಶಾನ್ಯ ಅಮೆರಿಕಕ್ಕೇ ಕತ್ತಲು ಕವಿದಾಗ, ದೂರದರ್ಶನ ಸತ್ತು ಮೊಬೈಲ್ ಜಾಲ ಉಸಿರುಗಟ್ಟಿದಾಗ, ಜನ ಬೀದಿಯಲ್ಲಿ ನಿಂತ ಕಾರುಗಳ ಸುತ್ತ, ಬ್ಯಾಟರಿ ರೇಡಿಯೊಗಳ ಸುತ್ತ ನೆರೆದದ್ದು ಸುದ್ದಿ ಕೇಳುವುದಕ್ಕೇ.

ನ್ಯೂಯಾರ್ಕಿಗೆ ಸುದ್ದಿ ರೇಡಿಯೊ ಇಲ್ಲವೇ ಇಲ್ಲ ಎಂದಾಗಿಲ್ಲ, ನಿಜ. 1965ರಿಂದ ಸುದ್ದಿಯನ್ನೇ ಕೊಡುತ್ತಿರುವ 1010 ವಿನ್ಸ್ ಉಳಿದಿದೆ, 2022ರಿಂದ ಎಫ್‌ಎಂನಲ್ಲೂ ಸಿಗುತ್ತದೆ. ಆದರೆ ಅದು ಹೆಚ್ಚಾಗಿ ನಗರದ ಕಡೆ ಮುಖ ಮಾಡಿದ ನಿಲ್ದಾಣ. ಲಾಂಗ್ ಐಲೆಂಡ್, ಕನೆಕ್ಟಿಕಟ್, ನ್ಯೂಜೆರ್ಸಿಯ ಊರುಗಳತ್ತ 880 ಹೆಚ್ಚು ನೋಡುತ್ತಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಎರಡು ಸುದ್ದಿಮನೆಗಳು ಒಂದನ್ನೊಂದು ಕಾಯುತ್ತಿದ್ದವು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಿದ್ದರು, ಒಬ್ಬರು ಅವಸರದಲ್ಲಿ ಹೇಳಿದ್ದನ್ನು ಇನ್ನೊಬ್ಬರು ವಿಚಾರಿಸಿ ಹೇಳುತ್ತಿದ್ದರು. ಆ ಪೈಪೋಟಿಯ ಕಥೆಯಲ್ಲೇ ಈ ಸಾವಿನ ಕಾರಣವೂ ಇದೆ. ವಿನ್ಸ್ ವೆಸ್ಟಿಂಗ್‌ಹೌಸ್ ಕಂಪನಿಯದಾಗಿತ್ತು. 1995ರಲ್ಲಿ ವೆಸ್ಟಿಂಗ್‌ಹೌಸ್ 880ರ ಒಡೆಯನಾದ ಸಿಬಿಎಸ್ ಅನ್ನೇ ಕೊಂಡಿತು, ಇಬ್ಬರು ಎದುರಾಳಿಗಳು ಒಂದೇ ಜೇಬಿಗೆ ಬಂದರು. 1996ರ ದೂರಸಂಪರ್ಕ ಕಾಯಿದೆ ಒಂದು ಕಂಪನಿ ದೇಶದಲ್ಲಿ ಎಷ್ಟು ರೇಡಿಯೊ ನಿಲ್ದಾಣ ಹೊಂದಬಹುದು ಎಂಬ ಮಿತಿಯನ್ನೇ ತೆಗೆದುಹಾಕಿತು. ಆಮೇಲೆ ಸಾಲ ಮಾಡಿ ನಿಲ್ದಾಣ ಕೊಳ್ಳುವ ಕಾಲ ಬಂತು. 2017ರಲ್ಲಿ ಸಿಬಿಎಸ್ ರೇಡಿಯೊ ಎಂಟರ್‌ಕಾಮ್ ಜೊತೆ ಸೇರಿತು, ಆ ಕಂಪನಿಯೇ ಈಗಿನ ಆಡಸಿ. 2024ರ ಜನವರಿಯಲ್ಲಿ ಅದು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದಾಗ ತಲೆಯ ಮೇಲೆ ಸುಮಾರು 190 ಕೋಟಿ ಡಾಲರ್ ಸಾಲವಿತ್ತು. ಒಂದೇ ಊರಿನಲ್ಲಿ ಒಂದೇ ಮಾಲೀಕನ ಎರಡು ಸುದ್ದಿಮನೆ ಲೆಕ್ಕಪತ್ರದಲ್ಲಿ ದುಂದುವೆಚ್ಚವಾಗಿ ಕಾಣದೆ ಇನ್ನೇನಾಗುತ್ತದೆ? ಅಲೆಯನ್ನು ಬಾಡಿಗೆಗೆ ಕೊಟ್ಟರು. ಕೇಳುವವರಿಲ್ಲದೆ ಸತ್ತಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನಮ್ಮ ಕರ್ನಾಟಕದಲ್ಲಿ ಹೀಗೆ ಆಗಲು ಸಾಧ್ಯವೇ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಉತ್ತರ ಸುಲಭವಲ್ಲ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ ನಾಡು ನಮ್ಮದು. ಧಾರವಾಡ, ಭದ್ರಾವತಿ, ಕಲಬುರಗಿ, ಮಂಗಳೂರು, ಮಡಿಕೇರಿ, ಕಾರವಾರ, ರಾಯಚೂರು ಎಂದು ಆಕಾಶವಾಣಿಯ ನಿಲ್ದಾಣಗಳು ಹರಡಿಕೊಂಡಿವೆ. ಲಾಭ ಬರುತ್ತಿಲ್ಲವೆಂದು ಅವುಗಳ ಅಲೆಯನ್ನು ಕ್ರಿಕೆಟ್ ಹರಟೆಗೆ ಬಾಡಿಗೆ ಕೊಡುವುದಿಲ್ಲ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿಯ ಗರಿಷ್ಠ ಮಟ್ಟಕ್ಕೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಎಂದು ಸಮಾಧಾನದ ದನಿಯಲ್ಲಿ ಓದುವ ಪದ್ಧತಿ ನನ್ನ ಪಾಲಿಗೆ ಹಡ್ಸನ್ ನದಿ ದಾಟುವ ಸೇತುವೆಗಳ ವರದಿಯಷ್ಟೇ ಘನವಾದದ್ದು. ಅಂಕಿ ಬೇರೆ, ನದಿ ಬೇರೆ, ಕಾಳಜಿ ಒಂದೇ. ಮಂಡ್ಯದ ರೈತನಿಗೆ ಆ ಅಡಿಗಳ ಲೆಕ್ಕ ಬೇಕು, ನ್ಯೂಜೆರ್ಸಿಯ ಎಡಿಸನ್ ಊರಿನಿಂದ ಹೊರಟವನಿಗೆ ಈ ನಿಮಿಷಗಳ ಲೆಕ್ಕ ಬೇಕು.

ಆದರೆ ಆಕಾಶವಾಣಿಯನ್ನು ಬಿಟ್ಟರೆ ನಮ್ಮಲ್ಲಿ ಇನ್ನೊಂದು ಸುದ್ದಿ ರೇಡಿಯೊ ಮುಚ್ಚುವ ಪ್ರಶ್ನೆಯೇ ಇಲ್ಲ, ಏಕೆಂದರೆ ತೆರೆಯಲು ಬಿಟ್ಟೇ ಇಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ನಿಲ್ದಾಣ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಅಂದಿನಿಂದಲೂ ಖಾಸಗಿ ಎಫ್‌ಎಂಗಳು ತಮ್ಮದೇ ಸುದ್ದಿ ಕೊಡುವಂತಿಲ್ಲ. 2011ರ ನೀತಿಯಲ್ಲಿ ಸಿಕ್ಕ ಸಡಿಲಿಕೆ ಎಂದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು ಎಂಬುದು. ಸಂಚಾರ, ಹವಾಮಾನ, ಪರೀಕ್ಷೆ, ನೀರು ಮತ್ತು ವಿದ್ಯುತ್ ಪೂರೈಕೆ ಮುಂತಾದ ಮಾಹಿತಿಯನ್ನು ಸುದ್ದಿಯಲ್ಲವೆಂದು ಪರಿಗಣಿಸಿ ಬಿಟ್ಟಿದ್ದಾರೆ. ಅಂದರೆ ಇಂದು ನಿಮ್ಮ ಬಡಾವಣೆಗೆ ನೀರು ಬರುವುದಿಲ್ಲ ಎಂದು ಹೇಳಬಹುದು. ಪಾಲಿಕೆ ಆ ಕೊಳವೆಯನ್ನು ಏಕೆ ಇನ್ನೂ ದುರಸ್ತಿ ಮಾಡಿಲ್ಲ ಎಂದು ವರದಿಗಾರನನ್ನು ಕಳಿಸಿ ಕೇಳಿಸುವಂತಿಲ್ಲ. ಸಮುದಾಯ ಬಾನುಲಿಗಳಿಗೂ ಇದೇ ಕಟ್ಟು. ಅದೇ ದೇಶದಲ್ಲಿ ಕನ್ನಡದ ಸುದ್ದಿ ವಾಹಿನಿಗಳು ಟಿವಿಯಲ್ಲಿ ಹಗಲೂ ರಾತ್ರಿ ಕೂಗಾಡಬಹುದು. ಟಿವಿಯಲ್ಲಿ ಸರಿಯೆನಿಸಿದ್ದು ರೇಡಿಯೊದಲ್ಲಿ ಅಪಾಯಕಾರಿ ಹೇಗಾಗುತ್ತದೆ ಎಂಬುದಕ್ಕೆ ಒಪ್ಪುವಂಥ ಉತ್ತರವನ್ನು ನಾನು ಎಲ್ಲಿಯೂ ಓದಿಲ್ಲ. ಭದ್ರತೆಯ ಕಾರಣ ಎನ್ನುತ್ತಾರೆ. ಪರವಾನಗಿ ಪಡೆದ, ವಿಳಾಸವಿರುವ, ಪ್ರತಿ ಮಾತೂ ದಾಖಲಾಗುವ ನಿಲ್ದಾಣಕ್ಕಿಂತ ಊರು ಹೆಸರಿಲ್ಲದೆ ಮೊಬೈಲಿನಲ್ಲಿ ಓಡಾಡುವ ಸುಳ್ಳು ದನಿಮುದ್ರಿಕೆ ಹೆಚ್ಚು ಅಪಾಯಕಾರಿಯಲ್ಲವೇ?

ಎರಡೂ ದೇಶಗಳ ಕಾನೂನಿನ ಮೂಲ ಮಾತು ಒಂದೇ ಎಂಬುದು ನನ್ನನ್ನು ಕಾಡುತ್ತದೆ. ಅಮೆರಿಕದ 1934ರ ಸಂಪರ್ಕ ಕಾಯಿದೆ ಪರವಾನಗಿಗೆ ಸಾರ್ವಜನಿಕ ಹಿತವೇ ಅಳತೆ ಎಂದಿತು. ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಬಾನಿನ ಅಲೆಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ಅಮೆರಿಕದಲ್ಲಿ ಆ ಆಸ್ತಿಯನ್ನು ಸಾಲ ಮಾಡಿದ ಕಂಪನಿಗಳ ಕೈಗೆ ಕೊಟ್ಟರು, ಭಾರತದಲ್ಲಿ ಸುದ್ದಿಯ ಮಟ್ಟಿಗೆ ಸರ್ಕಾರದ ಕೈಯಲ್ಲೇ ಉಳಿಸಿಕೊಂಡರು. ಕೇಳುಗರ ಮಾತು ಎರಡೂ ಕಡೆ ನಡೆಯಲಿಲ್ಲ. ನ್ಯೂಯಾರ್ಕಿನ ಕೇಳುಗರು ಹಿಂದೆ ಪ್ರಯತ್ನ ಮಾಡದೆಯೂ ಇರಲಿಲ್ಲ. 1974ರಲ್ಲಿ ಡಬ್ಲ್ಯುಎನ್‌ಸಿಎನ್ ಎಂಬ ಶಾಸ್ತ್ರೀಯ ಸಂಗೀತದ ನಿಲ್ದಾಣ ಒಮ್ಮೆಲೇ ರಾಕ್ ಸಂಗೀತಕ್ಕೆ ತಿರುಗಿದಾಗ ಕೇಳುಗರು ಸಂಘ ಕಟ್ಟಿ ಹೋರಾಡಿದರು. ನಿಲ್ದಾಣದ ಸ್ವರೂಪ ಬದಲಾಗುವಾಗ ಸರ್ಕಾರಿ ಆಯೋಗ ಅದನ್ನು ವಿಚಾರಿಸಬೇಕೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. 1981ರಲ್ಲಿ ಕೋರ್ಟ್ ಅದನ್ನು ಮಾರುಕಟ್ಟೆಗೆ ಬಿಡಬಹುದು ಎಂಬ ಆಯೋಗದ ನಿಲುವನ್ನು ಎತ್ತಿಹಿಡಿಯಿತು. ಸಂಗೀತದ ವಿಷಯದಲ್ಲಿ ಆ ತೀರ್ಪನ್ನು ಹೇಗೋ ಒಪ್ಪಿಕೊಳ್ಳಬಹುದು. ಊರಿನ ಸುದ್ದಿಗೂ ಅದೇ ಅಳತೆಗೋಲನ್ನು ಹಿಡಿದದ್ದು ತಪ್ಪು. ಎಂಟು ವರ್ಷಕ್ಕೊಮ್ಮೆ ಪರವಾನಗಿ ನವೀಕರಣವಾಗುವಾಗ ನಿನ್ನ ಸುದ್ದಿಮನೆಯಲ್ಲಿ ಎಷ್ಟು ಜನ ವರದಿಗಾರರಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಎಎಂ ರೇಡಿಯೊದ, ಅಂದರೆ 880 ಬಳಸುತ್ತಿದ್ದ ಮಧ್ಯಮ ತರಂಗದ, ಕಾಲವೇ ಮುಗಿಯಿತು, ಇದಕ್ಕೆಲ್ಲ ಏಕೆ ಮರುಗುವುದು ಎನ್ನುವ ಗೆಳೆಯರಿದ್ದಾರೆ. ವಿದ್ಯುತ್ ಕಾರುಗಳ ಮೋಟಾರು ಎಎಂ ಅಲೆಗೆ ಅಡ್ಡಿ ಮಾಡುತ್ತದೆ ಎಂದು ಕೆಲವು ತಯಾರಕರು ಅದನ್ನು ಕಿತ್ತೇ ಹಾಕಿದ್ದಾರೆ. ಫೋರ್ಡ್ ಕಂಪನಿ ತೆಗೆಯುವುದಾಗಿ ಹೇಳಿ, 2023ರಲ್ಲಿ ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ಎಲ್ಲ ಕಾರುಗಳಲ್ಲೂ ಎಎಂ ಇರಲೇಬೇಕೆಂಬ ಮಸೂದೆ ಅಮೆರಿಕದ ಸಂಸತ್ತಿಗೂ ಬಂತು. ತುರ್ತು ಕಾಲಕ್ಕೆ ಬೇಕು ಎಂಬುದು ಅದರ ವಾದ, ಅದು ಸರಿಯಾದ ವಾದ. ಆದರೆ ಕಾರಿನಲ್ಲಿ ರೇಡಿಯೊ ಇರಲೇಬೇಕು ಎನ್ನುವವರು ಆ ರೇಡಿಯೊದ ಇನ್ನೊಂದು ತುದಿಯಲ್ಲಿ ಸುದ್ದಿ ಹೇಳುವ ಮನುಷ್ಯನೂ ಇರಬೇಕಲ್ಲವೇ ಎಂದು ಯೋಚಿಸಬೇಕಿತ್ತು. ಸರ್ಕಾರದ ಅನುದಾನವಿರುವ ರೇಡಿಯೊ ಇದೆಯಲ್ಲ ಎನ್ನುವಂತೆಯೂ ಈಗ ಇಲ್ಲ. 880 ಸುದ್ದಿ ಶುರು ಮಾಡಿದ ಅದೇ 1967ರಲ್ಲಿ ಕಾಯಿದೆಯಾಗಿ ಬಂದ ಸಾರ್ವಜನಿಕ ಪ್ರಸಾರದ ನಿಧಿಯನ್ನು 2025ರಲ್ಲಿ ಸಂಸತ್ತು ಕಡಿತ ಮಾಡಿತು. ಸುಮಾರು 110 ಕೋಟಿ ಡಾಲರ್ ಹೋಯಿತು. ಸಣ್ಣ ಊರುಗಳ ನಿಲ್ದಾಣಗಳಿಗೆ ಬಿದ್ದ ಪೆಟ್ಟು ಅದು.

ಇದನ್ನು ಊರಿನವರಿಗಾಗಿಯೇ ಬರೆಯುತ್ತಿದ್ದೇನೆ, ಕಾರಣವಿದೆ. 880 ಮುಚ್ಚಿ ಎರಡು ದಿನಕ್ಕೆ, 2024ರ ಆಗಸ್ಟ್ 28ರಂದು, ಕೇಂದ್ರ ಸಚಿವ ಸಂಪುಟ ದೇಶದ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಮಾತೃಭಾಷೆಯಲ್ಲಿ ಸ್ಥಳೀಯ ವಿಷಯ ಸಿಗಲಿ ಎಂಬುದು ಹೇಳಿದ ಉದ್ದೇಶಗಳಲ್ಲಿ ಒಂದು. ಅದಕ್ಕೂ ಒಂದು ವರ್ಷ ಮೊದಲು, 2023ರ ಸೆಪ್ಟೆಂಬರಿನಲ್ಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಖಾಸಗಿ ಎಫ್‌ಎಂಗಳಿಗೆ ಗಂಟೆಗೆ 10 ನಿಮಿಷದವರೆಗೆ ಸುದ್ದಿ ಕೊಡಲು ಬಿಡಿ ಎಂದು ಶಿಫಾರಸು ಮಾಡಿತ್ತು. ಈ ಎರಡನ್ನೂ ಒಟ್ಟಿಗೆ ನೋಡಿದರೆ ನಮ್ಮ ಜಿಲ್ಲಾ ಕೇಂದ್ರಗಳಿಗೆ ಎಂಥ ಅವಕಾಶ ಬಾಗಿಲಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಆ 10 ನಿಮಿಷ ಕೊಡಲೇಬೇಕು. ಕೊಡುವಾಗ ಅಮೆರಿಕ ಬಿಟ್ಟ ಷರತ್ತುಗಳನ್ನೂ ಸೇರಿಸಬೇಕು. ಒಂದು ಊರಿನ ಎರಡು ಸುದ್ದಿಮನೆಗಳು ಒಬ್ಬನದೇ ಆಗಬಾರದು. ಸುದ್ದಿಯ ಅರ್ಧಪಾಲಾದರೂ ಆ ಊರಿನದೇ ಇರಬೇಕು. ಅದನ್ನು ಓದುವವರು ಮುಂಬೈನಲ್ಲೋ ಬೆಂಗಳೂರಿನಲ್ಲೋ ಅಲ್ಲ, ಆ ಊರಿನಲ್ಲೇ ಕುಳಿತಿರಬೇಕು. ನಿಲ್ದಾಣ ಸುದ್ದಿ ನಿಲ್ಲಿಸುವುದಾದರೆ ಕೇಳುಗರ ಅಹವಾಲು ಕೇಳಿದ ಮೇಲೆಯೇ ನಿಲ್ಲಿಸಬೇಕು. ಆಕಾಶವಾಣಿಯ ಜಿಲ್ಲಾ ನಿಲ್ದಾಣಗಳಿಗೂ ಇದೇ ಕಾಲಕ್ಕೆ ಖಾಲಿ ಹುದ್ದೆ ತುಂಬಿ ವರದಿಗಾರರನ್ನು ಕೊಡಬೇಕು. ಹರಾಜಿನ ಕಾಗದಗಳು ಸಹಿಯಾದ ಮೇಲೆ ಷರತ್ತು ಸೇರಿಸಲು ಬರುವುದಿಲ್ಲ. ನಿಮ್ಮ ಸಂಸದರಿಗೆ ಈಗಲೇ ಒಂದು ಪತ್ರ ಬರೆಯಿರಿ, ಅದರ ಒಂದು ಪ್ರತಿಯನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ಕಳಿಸಿ.