ವ್ಯಾನ್ ರೆಡಿ ಐತ್ರಿ, ನಿಲ್ಸೋದೆಲ್ಲಿ?

ಕ್ಯಾರವಾನ್ ಪ್ರವಾಸೋದ್ಯಮ ಮತ್ತೆ ಸುದ್ದಿಯಲ್ಲಿದೆ. ನೀವೂ ಓದಿರ್ತೀರಿ. ಆಗಾಗ ಯಾರಾದರೊಬ್ಬ ದೊಡ್ಡವರು ಬಿಳಿ ವ್ಯಾನಿನ ಮುಂದೆ ನಿಂತು ಹಸಿರು ಬಾವುಟ ತೋರಿಸುತ್ತಾರೆ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲ ಇರುತ್ತದೆ. ಬಾವುಟ ತೋರಿಸಿದವರು ಮಂಚದ ಮೇಲೆ ಕೂತು ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಇಳಿದು ತಮ್ಮ ಇನ್ನೋವಾ ಹತ್ತಿ ಹೋಗುತ್ತಾರೆ. ಆ ವ್ಯಾನ್ ಮುಂದೆ ಎಲ್ಲಿಗೆ ಹೋಯಿತು, ರಾತ್ರಿ ಎಲ್ಲಿ ನಿಂತಿತು ಅಂತ ಯಾರೂ ಕೇಳುವುದಿಲ್ಲ.

ಕೇಂದ್ರ ಸರ್ಕಾರ ಕ್ಯಾರವಾನ್ ಪಾರ್ಕ್‌ಗಳ ಬಗ್ಗೆ ನೀತಿ ಬರೆದು ಒಂದೂವರೆ ದಶಕ ದಾಟಿದೆ. ಕೇರಳದವರು 2021ರಲ್ಲಿ ‘ಕೇರವಾನ್ ಕೇರಳ’ ಅಂತ ಹೆಸರಿಟ್ಟು ಹೊರಟರು. ನಮ್ಮ ರಾಜ್ಯದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನಿಗೆ ಜಾಗ ಇದೆ. ನೀತಿಯಲ್ಲಿ ಇದೆ. ನೆಲದ ಮೇಲೆ ಹುಡುಕಬೇಡಿ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಆಸೆ ಹುಟ್ಟಿತು. ಒಬ್ಬನೇ ಹೋಗಬೇಕು. ನನ್ನದೇ ಪುಟ್ಟ ವ್ಯಾನ್. ಹುಬ್ಬಳ್ಳಿ ಬಿಟ್ಟು ಅಣ್ಣಿಗೇರಿ, ಗದಗ, ಲಕ್ಕುಂಡಿ. ಅಲ್ಲಿಂದ ಕಪ್ಪತಗುಡ್ಡದ ಕಡೆ ಹೊರಳಿ ಮಾಗಡಿ ಕೆರೆ. ಆಮೇಲೆ ಲಕ್ಷ್ಮೇಶ್ವರ, ಸವಣೂರು, ಬಂಕಾಪುರದ ನವಿಲು, ಹಾವೇರಿ, ಬ್ಯಾಡಗಿ. ಹಿಮಾಲಯಕ್ಕೇನೂ ಹೊರಟಿಲ್ಲ. ನಮ್ಮ ಮಾವನ ಮನೆ ಇದೇ ದಾರಿಯಲ್ಲಿದೆ.

ಮೊದಲು ವ್ಯಾನು. ಹಳೇ ವ್ಯಾನಿಗೆ ಒಳಗೆ ಮನೆ ಕಟ್ಟಿಸೋಣ ಅಂತ ಗೋಕುಲ ರಸ್ತೆಯ ಕಡೆ ಒಬ್ಬ ಬಾಡಿ ಕಟ್ಟುವ ಮಿಸ್ತ್ರಿಯನ್ನು ಹಿಡಿದೆ. ಅವನ ಶೆಡ್ಡಿನಲ್ಲಿ ಒಂದು ಕಡೆ ಪಾನಿಪುರಿ ಗಾಡಿ, ಇನ್ನೊಂದು ಕಡೆ ಮೇಲ್ಚಾವಣಿ ಇಲ್ಲದ ಟಂಟಂ. ಮನುಷ್ಯ ಕಿವಿಯಿಂದ ಪೆನ್ಸಿಲ್ ತೆಗೆದು ಪ್ಲೈವುಡ್ ತುಂಡಿನ ಮೇಲೇ ನಕ್ಷೆ ಬರೆದ. ಇಲ್ಲಿ ಮಂಚ, ಇಲ್ಲಿ ಕಟ್ಟಿ, ಇಲ್ಲಿ ಸಿಂಕು. ಹಿಂದೆ ಎಡಗಡೆ ಕಮೋಡು. ಎಲ್ಲ ಬರೆದು ತಲೆ ಎತ್ತಿ ಕೇಳಿದ:

“ದೇವರ ಜಗಲಿ ಎಲ್ಲಿ ಬರತೈತ್ರಿ ಸರ?”

ಡ್ಯಾಶ್‌ಬೋರ್ಡ್ ಮೇಲೆ ಒಂದು ಗಣಪತಿ ಇದ್ದರೆ ಸಾಕು ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಮಲಗೂದು, ಉಣ್ಣೂದು ಅಲ್ಲೇ ಅಂದಮೇಲೆ ಅದು ಮನಿ. ಮನಿ ಅಂದಮೇಲೆ ವಾಸ್ತು ನೋಡಬೇಕು. ಒಲೆ ಅಗ್ನಿಮೂಲೆಗೆ ಬರಬೇಕು. ಸರಿ, ಲೆಕ್ಕ ಹಾಕಿದೆವು. ಗದಗಿನ ಕಡೆ ಮುಖ ಮಾಡಿ ಹೊರಟರೆ ವ್ಯಾನ್ ಪೂರ್ವಕ್ಕೆ ಹೋಗುತ್ತದೆ. ಆಗ ಅಗ್ನಿಮೂಲೆ ಸರಿಯಾಗಿ ಡ್ರೈವರ್ ಸೀಟಿಗೆ ಬಂತು. ಅಂದರೆ ಒಲೆ ನನ್ನ ತೊಡೆಯ ಮೇಲೆ. ವಾಪಸ್ ಪಶ್ಚಿಮಕ್ಕೆ ಮುಖ ಮಾಡಿದರೆ ಅದೇ ಮೂಲೆ ಹಿಂದಿನ ಎಡಗಡೆಗೆ ಹೋಯಿತು. ಕಮೋಡಿನ ಮೇಲೆ. ಮಿಸ್ತ್ರಿ ಬಹಳ ಹೊತ್ತು ಪ್ಲೈವುಡ್ ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ, “ನೀವು ಒಂದ ಕಡೆ ನಿಲ್ಲೂ ಹಂಗ ಏನರ ಮಾಡ್ರಿ, ಅಂದ್ರ ಬಗೀಹರೀತೈತಿ” ಅಂದ. ಅವನಿಗೆ ಗೊತ್ತಿಲ್ಲದೆ ಇಡೀ ಯೋಜನೆಯ ಬುಡಕ್ಕೇ ಕೈ ಹಾಕಿದ್ದ.

ಇನ್ನು ಆರ್‌ಟಿಒ ಕಾನೂನು. ಇದನ್ನು ಮನಸಾರೆ ಹೊಗಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಕ್ಯಾರವಾನೇ ಬೇಕು ಅಂದರೆ ‘ಮೋಟಾರ್ ಕ್ಯಾರವಾನ್’ ಅಂತಲೇ ನೋಂದಣಿ ಆಗಬೇಕು. ಅದನ್ನು ಹೇಗೆ ಕಟ್ಟಬೇಕು ಅನ್ನುವುದಕ್ಕೆ ಎಐಎಸ್-124 ಎಂಬ ಮಾನದಂಡ ಇದೆ. ಒಳ್ಳೇದೇ ಅಲ್ವಾ? ಓಡುವ ಗಾಡಿಯಲ್ಲಿ ಒಲೆ, ಮಂಚ ಇಟ್ಟುಕೊಂಡು ಹೋಗುವವನ ಮೇಲೆ ಒಂದು ಕಣ್ಣು ಇರಲೇಬೇಕು.

ಈ ಕಣ್ಣು ಹಳಿಯಾಳ ರಸ್ತೆಯ ಕಬ್ಬಿನ ಟ್ರ್ಯಾಕ್ಟರನ್ನು ಮಾತ್ರ ಯಾಕೋ ನೋಡುವುದಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು. ಎರಡರ ಮೇಲೂ ಮುಗಿಲೆತ್ತರ ಕಬ್ಬು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಮುಂದೆ ಮಾತ್ರ ಮದುವೆಗೆ ಸಾಕಾಗುವಷ್ಟು ದೊಡ್ಡ ಸ್ಪೀಕರ್. ಕತ್ತಲಲ್ಲಿ ಮೊದಲು ಹಾಡು ಕೇಳಿಸುತ್ತದೆ, ಆಮೇಲೆ ಕಬ್ಬು ಕಾಣುತ್ತದೆ. ನಿಮ್ಮ ಕಿವಿ ಚೆನ್ನಾಗಿದ್ದರೆ ಬದುಕುತ್ತೀರಿ. ಅವನ ಹತ್ತಿರ ಯಾವ ಎಐಎಸ್ ಕೇಳುವುದು? ನನ್ನ ಮಡಚುವ ಮಂಚಕ್ಕೆ ಮಾತ್ರ ದಾಖಲೆ ಬೇಕು.

ವ್ಯಾನಿನ ಸುದ್ದಿ ಓಣಿಗೆ ಗೊತ್ತಾಗಲು ತಡವಾಗಲಿಲ್ಲ. ನಮ್ಮ ಕಡೆ ಒಬ್ಬನೇ ಊರಿಗೆ ಹೋಗುವುದು ಅಂದರೆ ಎರಡೇ ಕಾರಣ. ಒಂದು, ಸಾವಿನ ಮನೆಗೆ ಹೋಗೋದು. ಎರಡು, ಮನೆಯಲ್ಲಿ ಜಗಳ. ಪಕ್ಕದ ಮನೆ ಕಾಕಾ ಎರಡನೇದನ್ನೇ ಆರಿಸಿಕೊಂಡರು. “ಒಬ್ರ ಹೊಂಟೀರಂತ? ಅಕ್ಕಾರ ಏನರ ಅಂದ್ರೇನು?” ಇಲ್ಲ ಕಾಕಾ, ಸುಮ್ನೆ ತಿರುಗಾಡೋಕೆ ಅಂದೆ. ಅದನ್ನು ಅವರು ನಂಬಲಿಲ್ಲ. ಸುಮ್ನೆ ತಿರುಗುವವನು ಬಸ್ಸಿನಲ್ಲಿ ತಿರುಗುತ್ತಾನೆ, ಮಂಚ ಯಾಕೆ ಹೊತ್ತುಕೊಂಡು ಹೋಗ್ತಾನೆ?

ಆಮೇಲೆ ಶುರುವಾಯಿತು ಇನ್ನೊಂದು. ಹೇಗೂ ಖಾಲಿ ಗಾಡಿ. ಕಾಕಾರ ತಂಗಿಯನ್ನು ಅಣ್ಣಿಗೇರಿಯಲ್ಲಿ ಇಳಿಸಬೇಕು. ಗದಗಿನಲ್ಲಿ ಯಾರದೋ ಬೀಗರಿಗೆ ಖಡಕ್ ರೊಟ್ಟಿಯ ಡಬ್ಬಿ ಮುಟ್ಟಿಸಬೇಕು. ಬ್ಯಾಡಗಿಯಿಂದ ಬರುವಾಗ ಓಣಿಗೆಲ್ಲ ಮೆಣಸಿನಕಾಯಿ ತರಬೇಕು, ಅದೂ ಚೀಲಗಟ್ಟಲೆ, ಕಡ್ಡಿ ಮೆಣಸಿನಕಾಯಿನೇ ಆಗಬೇಕು. ಮಂಚದ ಮೇಲೆ ಒಂದು ಚೀಲ ಮೆಣಸಿನಕಾಯಿ ಇಟ್ಟುಕೊಂಡು ಕಿಟಕಿ ಹಾಕಿ ಮಲಗುವ ಸುಖ ನೀತಿ ಬರೆದವರಿಗೆ ಸಿಗಲಿ.

ನಿಜ ಹೇಳಬೇಕಂದರೆ, ಮನೆ ಕಟ್ಟಿಕೊಂಡು ದಾರಿಗೆ ಬೀಳೋದು ನಮಗೆ ಹೊಸದಲ್ಲ. ಯಲ್ಲಮ್ಮನ ಗುಡ್ಡಕ್ಕೆ, ಮೈಲಾರದ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರಲ್ಲ, ಅದೇನು? ಒಳಗೆ ಹುಲ್ಲು ಹಾಸಿ ಮೇಲೆ ಕೌದಿ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ, ಕರ್ಚಿಕಾಯಿ. ಬಂಡಿಯ ಕೆಳಗೆ ಲಾಂದ್ರ ತೂಗುತ್ತಿತ್ತು. ಕತ್ತಲಾದರೆ ನೊಗದಿಂದ ಎತ್ತು ಬಿಚ್ಚುತ್ತಿದ್ದರು, ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದರು. ಎಲ್ಲಿ? ಕೆರೆ ದಂಡೆಯಲ್ಲಿ, ಗುಡಿಯ ಪೌಳಿಯಲ್ಲಿ, ಊರ ಮುಂದಿನ ಗೋಮಾಳದಲ್ಲಿ, ಇಲ್ಲವೇ ಯಾರದೋ ಹೊಲದಲ್ಲಿ. ಹೊಲದವನಿಗೂ ಖುಷಿ. ಬೆಳಿಗ್ಗೆ ಎತ್ತಿನ ಸಗಣಿ ಅವನಿಗೇ. ಈಗಿನ ಕ್ಯಾರವಾನಿನವರು ಕಮೋಡಿನ ಟ್ಯಾಂಕ್ ಎಲ್ಲಿ ಖಾಲಿ ಮಾಡಬೇಕು ಅಂತ ತಲೆ ಕೆರೆದುಕೊಳ್ಳುತ್ತಾರೆ. ಎತ್ತಿನ ವಿಷಯದಲ್ಲಿ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ಇವತ್ತಿಗೂ ಗುಡ್ಡಕ್ಕೆ ಹೋಗುವವರು ಟ್ರ್ಯಾಕ್ಟರಿನಲ್ಲಿ ಪಾತ್ರೆ ಪಡಗ, ಹಾಸಿಗೆ, ಅಜ್ಜಿ, ಮೊಮ್ಮಕ್ಕಳನ್ನು ತುಂಬಿಕೊಂಡು ಉಧೋ ಉಧೋ ಅನ್ನುತ್ತ ಹೋಗುತ್ತಾರೆ. ಅವರಿಗೆ ಯಾರೂ ಬಾವುಟ ತೋರಿಸಿಲ್ಲ. ಗೋಮಾಳ ಮಾತ್ರ ಹೋಯಿತು. ಈಗ ಅಲ್ಲಿ ‘ಎನ್‌ಎ ಪ್ಲಾಟ್ ಲಭ್ಯ’ ಅನ್ನುವ ಬೋರ್ಡಿದೆ. ಕೆರೆ ದಂಡೆಗೆ ಬೇಲಿ ಬಂದಿದೆ.

ಲಾರಿ ಡ್ರೈವರುಗಳದ್ದೂ ಇದೇ ಬದುಕು. ವರ್ಷವೆಲ್ಲ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ, ಟ್ಯಾಂಕಿನ ಪಕ್ಕ ಪೆಟ್ಟಿಗೆ ತೆರೆದು ಸ್ಟೋವ್ ಹಚ್ಚಿ ಅನ್ನ ಮಾಡುತ್ತಾರೆ, ರಸ್ತೆ ಬದಿ ನಳ ಸಿಕ್ಕಿದಲ್ಲಿ ಸ್ನಾನ. ಅವರು ನಿಂತರೆ ಕಿಟಕಿಗೆ ಲಾಠಿ ಬಡಿಯುತ್ತದೆ. ಲಕ್ಷಗಟ್ಟಲೆ ಸುರಿದು ನಾನು ಅದೇ ಕೆಲಸ ಮಾಡಿದರೆ ‘ಅನುಭವ ಪ್ರವಾಸೋದ್ಯಮ’.

ಹುಬ್ಬಳ್ಳಿಯಿಂದ ಹೊರಬೀಳುವುದೇ ಒಂದು ಪ್ರವಾಸ ಬಿಡಿ. ಚೆನ್ನಮ್ಮ ಸರ್ಕಲ್ ಮೇಲಿನ ಫ್ಲೈಓವರ್ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ, ನೀವೇ ಅದರ ಕೆಳಗೆ ನಿಂತು ಹೇಳಿದ್ದೀರಿ. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿಗೆಂದೇ ಬಿಟ್ಟ ಹಾದಿ ನುಣ್ಣಗಿದೆ, ಆದರೆ ನಮ್ಮದಲ್ಲ. ಜೋರು ಮಳೆ ಬಂದ ದಿನ ಧಾರವಾಡದ ಟೋಲ್‌ನಾಕಾದಲ್ಲಿ ಅದು ಕೆರೆಯದ್ದು. ಇದ್ದದ್ದರಲ್ಲಿ ನೆಮ್ಮದಿಯಿಂದ ಗಾಡಿ ನಿಲ್ಲಿಸಬಹುದಾದ ಜಾಗ ಅಂದರೆ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು. 1,507 ಮೀಟರ್, ಜಗತ್ತಿನಲ್ಲೇ ಉದ್ದ, 2023ರ ಮಾರ್ಚ್‌ನಲ್ಲಿ ಪ್ರಧಾನಿಯವರೇ ಉದ್ಘಾಟಿಸಿದ್ದು. ಇಡೀ ಊರಿನಲ್ಲಿ ಗುಂಡಿ ಇಲ್ಲದೆ ಒಂದೂವರೆ ಕಿಲೋಮೀಟರ್ ನೇರ ಹೋಗಬಹುದಾದ ದಾರಿ ಅದೊಂದೇ ಅನಿಸುತ್ತದೆ. ದುರ್ದೈವಕ್ಕೆ ರೈಲಿನವರು ಅದನ್ನು ರೈಲಿಗೆ ಬಳಸುತ್ತಿದ್ದಾರೆ.

ನಿಲ್ಲುವ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು ಬಂದಿದ್ದು ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಮೇಲೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಅವು ಪ್ರತಿ ಚಳಿಗಾಲ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ಹಾರಿಕೊಂಡು ಬರುತ್ತವೆ. ಫಾಸ್ಟ್ಯಾಗ್ ಇಲ್ಲ, ಆರ್‌ಸಿ ಇಲ್ಲ. ಬಂದು ಕೆರೆಯಲ್ಲಿ ಇಳಿಯುತ್ತವೆ, ಸುತ್ತಲಿನ ಹೊಲಕ್ಕೆ ಹೋಗಿ ಮೇಯುತ್ತವೆ, ತಿಂಗಳುಗಟ್ಟಲೆ ಇರುತ್ತವೆ. ಎಲ್ಲಿಂದ ಬಂದಿರಿ, ಯಾವಾಗ ಹೋಗ್ತೀರಿ ಅಂತ ಕೇಳುವವರಿಲ್ಲ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯಲ್ಲಿ ಜಾಗ, ಕೂಡ ಸಿಕ್ಕಿತು. ಹುಬ್ಬಳ್ಳಿಯಿಂದ ಹೋದ ನಾನು ಅದೇ ಕೆರೆ ಹತ್ತಿರ ವ್ಯಾನ್ ನಿಲ್ಲಿಸಿ ಒಂದು ರಾತ್ರಿ ಮಲಗುವುದಕ್ಕೆ ಯಾರನ್ನು ಕೇಳಬೇಕು ಅಂತ ವಿಚಾರಿಸಿದೆ. ಒಬ್ಬರು ಅರಣ್ಯದವರನ್ನು ಕೇಳಿ ಅಂದರು. ಅಲ್ಲಿಂದ ಪಂಚಾಯ್ತಿ. ಅಲ್ಲಿಂದ ಪ್ರವಾಸೋದ್ಯಮದವರು. ಅವರು, ನಮ್ಮಲ್ಲಿ ಅಂಥ ಸೌಲಭ್ಯ ಇಲ್ಲ, ಆದರೆ ನೀತಿಯಲ್ಲಿ ಇದೆ ಅಂದರು. ಬಹಳ ಮರ್ಯಾದೆಯಿಂದ ಹೇಳಿದರು.

ಪಾಯಖಾನೆ ಕಥೆ ಕೇಳಬೇಡಿ. ನಮ್ಮ ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಪಾಯಖಾನೆ ಇರುತ್ತದೆ, ಅದಕ್ಕೆ ಬೀಗ ಇರುತ್ತದೆ, ಬೀಗದ ಕೀ ಮ್ಯಾನೇಜರ್ ಹತ್ತಿರ ಇರುತ್ತದೆ, ಮ್ಯಾನೇಜರ್ ಊಟಕ್ಕೆ ಹೋಗಿರುತ್ತಾನೆ. ಗಂಡಸರು ಗೋಡೆ ಹುಡುಕುತ್ತಾರೆ. ಇದೇ ಪ್ರವಾಸಕ್ಕೆ ನಮ್ಮ ತಂಗಿ ಒಬ್ಬಳೇ ಹೊರಟರೆ ಮಾಡುವ ಮೊದಲ ಸಿದ್ಧತೆ ಮ್ಯಾಪ್ ನೋಡುವುದಲ್ಲ, ನೀರು ಕುಡಿಯುವುದನ್ನು ಬಿಡುವುದು.

ದಾಟಿಕೊಂಡು ಹೋಗಲು ಮಾತ್ರ ನಮ್ಮಲ್ಲಿ ಸಕಲ ವ್ಯವಸ್ಥೆ ಇದೆ. 2025ರ ಆಗಸ್ಟಿನಲ್ಲಿ ಸ್ವಂತದ ಕಾರು, ವ್ಯಾನುಗಳಿಗೆ ಒಂದು ಪಾಸು ಬಂತು, ಆಗ ಅದಕ್ಕೆ 3,000 ರೂಪಾಯಿ ಇತ್ತು. ಒಂದು ವರ್ಷ, ಇಲ್ಲವೇ 200 ಸಲ ರಾಷ್ಟ್ರೀಯ ಹೆದ್ದಾರಿಯ ಟೋಲ್ ದಾಟಬಹುದು. ದಾಟು, ದಾಟು, ದಾಟುತ್ತಲೇ ಇರು. ನಿಂತರೆ ಮಾತ್ರ, ಯಾರಪ್ಪಾ ನೀನು?

ಹಾವೇರಿಯಿಂದ ವಾಪಸ್ ಬರುವಾಗ ಧಾರವಾಡ ಮುಟ್ಟಿ ಬರೋಣ ಅಂದುಕೊಂಡಿದ್ದೆ. ಅಂದರೆ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್. ಇಲ್ಲಿ ನನಗೆ ತಮಾಷೆ ಬರುವುದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಎರಡೂ ಕಡೆ ನಾಲ್ಕು ಪಥ ಆಗಿದ್ದಾಗ, ನಡುವೆ ಸುಮಾರು 30 ಕಿಲೋಮೀಟರ್ ಮಾತ್ರ ವರ್ಷಾನುಗಟ್ಟಲೆ ಎರಡೇ ಪಥ ಇತ್ತು. ದುಡ್ಡು ಮಾತ್ರ ತಪ್ಪದೆ ವಸೂಲಿ ಆಗುತ್ತಿತ್ತು. ಸಾವಿನ ರಸ್ತೆ ಅಂತ ಊರಿಗೆ ಊರೇ ಕರೆಯುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. 2021ರ ಜನವರಿ, ಸಂಕ್ರಾಂತಿ ಮರುದಿನ. ದಾವಣಗೆರೆಯ ಗೆಳತಿಯರು, ಶಾಲೆಯಲ್ಲಿ ಕೂಡಿ ಓದಿದವರು, ಟೆಂಪೊ ಟ್ರಾವೆಲರ್ ಮಾಡಿಕೊಂಡು ಗೋವಾಕ್ಕೆ ಹೊರಟಿದ್ದರು. ಅವರೂ ಪ್ರವಾಸಕ್ಕೇ ಹೊರಟವರು. ಇಟಿಗಟ್ಟಿ ಹತ್ತಿರ ಟಿಪ್ಪರ್ ಎದುರಾಯಿತು. ಹತ್ತಕ್ಕೂ ಜಾಸ್ತಿ ಜನ ಹೋದರು. ಕಳೆದುಕೊಂಡ ಮನೆಯವರು ಅಷ್ಟು ದೂರದಿಂದ ಬಂದು ರಸ್ತೆ ಅಗಲ ಮಾಡಿ ಅಂತ ಪ್ರತಿಭಟನೆ ಮಾಡಬೇಕಾಯಿತು. 2022ರಲ್ಲಿ ಆರು ಪಥದ ಕೆಲಸಕ್ಕೆ ಅಡಿಗಲ್ಲು ಬಿತ್ತು. ಅಡಿಗಲ್ಲಿನ ದಿನ ಭಾಷಣ, ಹಾರ, ಎಲ್ಲ ಆಯಿತು. ಅಷ್ಟು ವರ್ಷ ಯಾಕೆ ಆಗಲಿಲ್ಲ ಅಂತ ಇವತ್ತಿನವರೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಕೊಡುವುದೂ ಇಲ್ಲ. ಬ್ರೋಷರಿನಲ್ಲಿ ಹಾಕುವ ಫೋಟೊ ಅಲ್ಲವಲ್ಲ ಅದು.

ಇರಲಿ. ವ್ಯಾನಿನ ಮಾತಿಗೆ ಬರೋಣ.

ಕೊನೆಗೂ ರಾತ್ರಿ ನಿಲ್ಲಿಸುವುದಕ್ಕೆ ಒಂದು ಜಾಗ ಸಿಕ್ಕಿದೆ. ಶಿಗ್ಗಾವಿ ದಾಟಿ ಒಂದು ಧಾಬಾ. ಮುಂದೆ ವಿಶಾಲ ಬಯಲು, ಒಂದು ಬೇವಿನ ಮರ, ದೊಡ್ಡ ನೀರಿನ ತೊಟ್ಟಿ, ರಾತ್ರಿಯೆಲ್ಲ ಉರಿಯುವ ಟ್ಯೂಬ್‌ಲೈಟು. ಹಿಂದೆ ಪಾಯಖಾನೆ, ಅದಕ್ಕೆ ಬೀಗವೇ ಇಲ್ಲ, ಚಿಲಕ ಮಾತ್ರ ಒಳಗಿನಿಂದ ಇದೆ. ಲಾರಿಯವರು ಅಲ್ಲೇ ಮಲಗುತ್ತಾರೆ. ಯಾವ ನೀತಿಯನ್ನೂ ಓದದ ಮನುಷ್ಯನೊಬ್ಬ ಪೂರ್ತಿ ಕ್ಯಾರವಾನ್ ಪಾರ್ಕ್ ಕಟ್ಟಿಟ್ಟಿದ್ದಾನೆ. ಫೋನ್ ಮಾಡಿ ಕೇಳಿದೆ, ರಾತ್ರಿ ವ್ಯಾನ್ ನಿಲ್ಲಿಸಬಹುದಾ?

“ನಿಲ್ಲಸ್ರಿ, ಅದಕ್ಕೇನು ಕೇಳ್ತೀರಿ. ಊಟ ಇಲ್ಲೇ ಮಾಡಬೇಕ್ ಮತ್ತ.”

ವ್ಯಾನಿನಲ್ಲೇ ಒಲೆ ಇದೆ ಅಂದೆ.

“ಒಲಿ ಇರಲಿ. ಊಟ ಇಲ್ಲೇ.”

ಆಗಲಿ ಅಂದೆ. ಎಷ್ಟು ಮಂದಿ ಅಂತ ಕೇಳಿದ. ಒಬ್ಬನೇ. ಲಾರಿಯೇನ್ರಿ? ಅಲ್ಲ, ಮಂಚ ಇರುವ ವ್ಯಾನು. ಮಾಲು ಏನೈತಿ? ಏನೂ ಇಲ್ಲ. ಯಾವ ಊರಿಗೆ ಹೊಂಟೀರಿ? ಯಾವ ಊರಿಗೂ ಅಂತ ಇಲ್ಲ, ಸುಮ್ನೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ತಂದೂರಿ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಆಮೇಲೆ ದನಿ ಇಳಿಸಿ ಕೇಳಿದ:

“ಸರ, ತಪ್ಪ ತಿಳೀಬ್ಯಾಡ್ರಿ. ಪೊಲೀಸ್ ಕೇಸ್ ಏನರ ಐತೇನ್ರಿ?”